ಜರ್ಮನಿಯಲ್ಲಿ ಕೆಲಸ ಹುಡುಕುವುದು: ಸ್ವಯಂಸೇವೆಯಿಂದ ಸಂಬಳದವರೆಗೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಜರ್ಮನಿಗೆ ಬರುವ ಕನ್ನಡಿಗರಲ್ಲಿ ಕೆಲಸದ ಚಿಂತೆ ಹೆಚ್ಚಾಗಿ ಕಾಡುವುದು ಇಬ್ಬರನ್ನು. ಮೊದಲನೆಯವರು ಗಂಡನ ಅಥವಾ ಹೆಂಡತಿಯ ಉದ್ಯೋಗದ ಕಾರಣಕ್ಕೆ ಊರಿನ ಕೆಲಸ ಬಿಟ್ಟು ಬಂದವರು, ಎರಡನೆಯವರು ಎಂ.ಎಸ್. ಓದಲು ಬಂದ ವಿದ್ಯಾರ್ಥಿಗಳು. ನಾನು ಮೊದಲನೆಯ ಗುಂಪಿಗೆ ಸೇರಿದವಳು. ಶಿವಮೊಗ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ನಾನು ಸ್ಟುಟ್‌ಗಾರ್ಟ್ ಸಮೀಪದ ಸಣ್ಣ ಊರಿಗೆ ಬಂದ ಮೇಲೆ ಮೊದಲ ಆರು ತಿಂಗಳನ್ನು ಅರ್ಜಿ ಬರೆಯುವುದರಲ್ಲೇ ಕಳೆದೆ, ಒಂದು ಸಂದರ್ಶನಕ್ಕೂ ಕರೆ ಬರಲಿಲ್ಲ. ಬಾಗಿಲು ತೆರೆದದ್ದು ಬಡವರಿಗೆ ಆಹಾರ ಹಂಚುವ ಟಾಫೆಲ್ ಎಂಬ ಸಂಸ್ಥೆಯ ಸ್ಥಳೀಯ ಕೇಂದ್ರಕ್ಕೆ ವಾರಕ್ಕೊಂದು ಬೆಳಿಗ್ಗೆ ತರಕಾರಿ ಆರಿಸಿಕೊಡಲು ಹೋಗತೊಡಗಿದ ಮೇಲೆ.

ಆ ಅನುಭವದಿಂದ ನಾನು ಕಂಡುಕೊಂಡದ್ದು ಇಷ್ಟು: ಇಲ್ಲಿನ ಮಾಲೀಕರು ನಂಬುವುದು ಎರಡನ್ನು, ಕೈಯಲ್ಲಿರುವ ಪ್ರಮಾಣಪತ್ರವನ್ನು ಮತ್ತು ನಿಮ್ಮನ್ನು ಕಣ್ಣಾರೆ ಕಂಡ ಸ್ಥಳೀಯರ ಮಾತನ್ನು. ಹೊಸದಾಗಿ ಬಂದವರ ಬಳಿ ಎರಡೂ ಇರುವುದಿಲ್ಲ. ಸ್ವಯಂಸೇವೆ ಇವೆರಡನ್ನೂ ಕೊಡುತ್ತದೆ, ಜೊತೆಗೆ ತರಗತಿಯಲ್ಲಿ ಸಿಗದ ಆಡುಮಾತನ್ನೂ ಕಲಿಸುತ್ತದೆ. ಆದ್ದರಿಂದ ಮೊದಲು ಅನುಮತಿ ಮತ್ತು ಕಾಗದಪತ್ರ, ಆಮೇಲೆ ಸ್ವಯಂಸೇವೆ, ಅದರ ಬೆನ್ನಿಗೆ ಸಣ್ಣ ಸಂಬಳದ ಕೆಲಸ, ಕೊನೆಗೆ ನಿಮ್ಮ ವೃತ್ತಿ ಎಂಬ ಕ್ರಮದಲ್ಲಿ ಈ ಬರಹ ಸಾಗುತ್ತದೆ. ಐ.ಟಿ. ಕ್ಷೇತ್ರದಲ್ಲಿ ಬೇಡಿಕೆಯ ಅನುಭವವಿದ್ದು ಇಂಗ್ಲಿಷಿನಲ್ಲೇ ಕೆಲಸ ಸಿಗುವವರಿಗೆ ನಡುವಿನ ಹಂತಗಳು ಬೇಕಾಗದಿರಬಹುದು. ಉಳಿದವರು ಹಂತ ತಪ್ಪಿಸದಿರುವುದೇ ಒಳ್ಳೆಯದು.

ಮೊದಲ ಹಂತ: ನಿಮ್ಮ ನಿವಾಸ ಪರವಾನಗಿಯನ್ನು ಓದಿ

ವಿದೇಶಿಯರ ಕಚೇರಿ ಕೊಡುವ ಪ್ಲಾಸ್ಟಿಕ್ ಕಾರ್ಡನ್ನು ಹೆಚ್ಚಿನವರು ಪರ್ಸಿಗೆ ಸೇರಿಸಿ ಮರೆತುಬಿಡುತ್ತಾರೆ. ಆ ಕಾರ್ಡಿನಲ್ಲಿ ಷರಾ ಬರೆಯುವ ಜಾಗವೊಂದಿದೆ. ಕೆಲವರಿಗೆ ಕಾರ್ಡಿನೊಂದಿಗೆ ಮಡಚಿದ ಹಸಿರು ಹಾಳೆಯೊಂದನ್ನೂ ಕೊಟ್ಟಿರುತ್ತಾರೆ. ಕೆಲಸಕ್ಕೆ ಸಂಬಂಧಿಸಿದ ಸಾಲು ಇರುವುದು ಅಲ್ಲಿಯೇ. ಕುಟುಂಬದ ಆಧಾರದ ಮೇಲೆ ಬಂದ ಗಂಡ ಅಥವಾ ಹೆಂಡತಿಯ ಕಾರ್ಡಿನಲ್ಲಿ ಸಾಮಾನ್ಯವಾಗಿ ‘ಎರ್ವೆರ್ಬ್ಸ್‌ಟೇಟಿಶ್‌ಕೈಟ್ ಎರ್‌ಲೌಬ್ಟ್’ ಎಂದಿರುತ್ತದೆ. ‘ದುಡಿಮೆಗೆ ಅನುಮತಿ ಇದೆ’ ಎಂಬುದು ಇದರ ಅರ್ಥ. ಈ ಮಾತಿನಲ್ಲಿ ಸಂಬಳದ ನೌಕರಿಯೂ ಸ್ವಂತ ಉದ್ಯೋಗವೂ ಸೇರಿವೆ. ಬೇರೆ ಅರ್ಜಿ ಹಾಕಬೇಕಿಲ್ಲ. ‘ಡಿಪೆಂಡೆಂಟ್ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ’ ಎಂಬ ಅಮೆರಿಕದ ಕಥೆಗಳನ್ನು ಕೇಳಿಕೊಂಡು ಬಂದು, ಈ ಒಂದು ಸಾಲನ್ನು ಓದದೆ ವರ್ಷಗಟ್ಟಲೆ ಮನೆಯಲ್ಲೇ ಕುಳಿತ ಇಬ್ಬರು ಗೆಳತಿಯರನ್ನು ನಾನು ಬಲ್ಲೆ. ಅದಕ್ಕಾಗಿಯೇ ಈ ಹಂತವನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೇನೆ.

ವಿದ್ಯಾರ್ಥಿಗಳಿಗೆ ಮಿತಿ ಇದೆ. 2024ರ ಮಾರ್ಚ್‌ನಿಂದ ಅವರು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಅದಕ್ಕೆ ಮೊದಲು ಈ ಮಿತಿ 120 ಮತ್ತು 240 ಆಗಿತ್ತು. ನಾಲ್ಕು ಗಂಟೆಯವರೆಗಿನ ದುಡಿಮೆ ಅರ್ಧ ದಿನವೆಂದು ಲೆಕ್ಕ. ವಿಶ್ವವಿದ್ಯಾಲಯದ ಒಳಗೇ ಪ್ರಾಧ್ಯಾಪಕರಿಗೆ ಅಥವಾ ಪ್ರಯೋಗಾಲಯಕ್ಕೆ ಸಹಾಯಕರಾಗಿ ಮಾಡುವ, ವಿದ್ಯಾರ್ಥಿಗಳು ‘ಹಿವಿ’ ಎಂದು ಕರೆಯುವ ಕೆಲಸ ಈ ಲೆಕ್ಕದಿಂದ ಹೊರಗಿದೆ. ಸ್ವಂತ ಉದ್ಯೋಗಕ್ಕೆ ಮಾತ್ರ ವಿದ್ಯಾರ್ಥಿಗಳು ಪ್ರತ್ಯೇಕ ಅನುಮತಿ ಪಡೆಯಲೇಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕಲು ಸಿಗುವ 18 ತಿಂಗಳ ಪರವಾನಗಿಯಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು. 2024ರ ಜೂನ್‌ನಲ್ಲಿ ಜಾರಿಗೆ ಬಂದ ಅವಕಾಶ ಕಾರ್ಡ್, ಅಂದರೆ ‘ಶಾನ್ಸೆನ್‌ಕಾರ್ಟೆ’ ಹಿಡಿದು ಬಂದವರು ಕೆಲಸ ಹುಡುಕುವ ಅವಧಿಯಲ್ಲಿ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು.

ಎರಡನೆಯ ಹಂತ: ಮೊದಲ ವಾರಗಳ ಕಾಗದಪತ್ರ

ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ, ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಜೊತೆಗಿರಬೇಕು. ನೋಂದಣಿಯಾದ ಕೆಲವು ವಾರಗಳಲ್ಲಿ 11 ಅಂಕಿಗಳ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಮನೆಗೇ ಬರುತ್ತದೆ. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿರದಿದ್ದರೆ ಆ ಪತ್ರ ಹಿಂದಿರುಗಿ ಹೋಗುತ್ತದೆ. ಮದುವೆಯ ನಂತರವೂ ತಂದೆಯ ಹೆಸರನ್ನೇ ಉಳಿಸಿಕೊಂಡ ಹೆಣ್ಣುಮಕ್ಕಳು ಗಂಡನ ಹೆಸರಿನ ಪಕ್ಕದಲ್ಲಿ ತಮ್ಮ ಹೆಸರನ್ನೂ ಬರೆದು ಅಂಟಿಸಬೇಕು. ಆರೋಗ್ಯ ವಿಮೆ, ಬ್ಯಾಂಕ್ ಖಾತೆ ಮತ್ತು ವಿಮಾ ಸಂಸ್ಥೆಯ ಮೂಲಕ ದೊರೆಯುವ ಸಾಮಾಜಿಕ ಭದ್ರತೆಯ ಸಂಖ್ಯೆ ಇವಿಷ್ಟು ಕೈಗೆ ಬಂದರೆ ಯಾವ ಮಾಲೀಕರೂ ನಾಳೆಯಿಂದಲೇ ನಿಮ್ಮನ್ನು ಕೆಲಸಕ್ಕೆ ಸೇರಿಸಿಕೊಳ್ಳಬಹುದು.

ಇದೇ ಹೊತ್ತಿಗೆ ಭಾಷೆಯ ತರಗತಿಗೂ ಸೇರಿರಿ. ಪದವೀಧರ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಎಂಬ ಪರವಾನಗಿ ಇರುವವರ ಪತಿ, ಪತ್ನಿಯರಿಗೆ ವೀಸಾ ಪಡೆಯಲು ಎ1, ಅಂದರೆ ಜರ್ಮನ್ ಭಾಷೆಯ ಮೊದಲ ಮಟ್ಟದ ಪರೀಕ್ಷೆ ಕಡ್ಡಾಯವಲ್ಲ. ಆದರೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆಲ್ಲೋ ಒಂದು ಹಂತ ಮುಗಿಸಿಕೊಂಡು ಬಂದವರಿಗೂ ಏನೂ ಕಲಿಯದೆ ಬಂದವರಿಗೂ ಮೊದಲ ವರ್ಷದಲ್ಲಿ ಕಾಣುವ ಅಂತರ ದೊಡ್ಡದು. ಇಲ್ಲಿಗೆ ಬಂದ ಮೇಲೆ ಹೆಚ್ಚಿನ ಊರುಗಳಲ್ಲಿ ಇರುವ ‘ಫೋಲ್ಕ್ಸ್‌ಹೋಖ್‌ಶೂಲೆ’ ಎಂಬ ಸಾರ್ವಜನಿಕ ಕಲಿಕಾ ಕೇಂದ್ರದಲ್ಲಿ ಕಡಿಮೆ ಖರ್ಚಿನಲ್ಲಿ ಕಲಿಯಬಹುದು.

ಮೂರನೆಯ ಹಂತ: ಎರೆನ್‌ಆಮ್ಟ್, ಅಂದರೆ ಸ್ವಯಂಸೇವೆ

ಜರ್ಮನಿಯ ಊರುಗಳ ಬದುಕು ‘ಫೆರೈನ್’ ಎಂಬ ನೋಂದಾಯಿತ ಸಂಘಗಳ ಮೇಲೆ ನಿಂತಿದೆ. ಕ್ರೀಡಾ ಕ್ಲಬ್, ಗಾಯನ ಮಂಡಳಿ, ಮಕ್ಕಳ ಗ್ರಂಥಾಲಯ, ಹಳ್ಳಿಗಳ ಅಗ್ನಿಶಾಮಕ ದಳ, ಹೀಗೆ ಅನೇಕ ಕೆಲಸಗಳನ್ನು ಸಂಬಳವಿಲ್ಲದೆ ದುಡಿಯುವ ಊರ ಜನರೇ ನಡೆಸುತ್ತಾರೆ. ನಮ್ಮಲ್ಲಿ ಜಾತ್ರೆಗೆ, ಮದುವೆಗೆ ಕೇರಿಯ ಜನ ಕೈಜೋಡಿಸುವ ಹಾಗೆಯೇ ಇದು, ಆದರೆ ಇಲ್ಲಿ ಅದಕ್ಕೊಂದು ಕಟ್ಟುಪಾಡು, ಲೆಕ್ಕಪತ್ರ, ವಿಮೆ ಎಲ್ಲವೂ ಇದೆ. ಹೊರಗಿನವರು ಬಂದು ಕೈಜೋಡಿಸಿದರೆ ಬೇಡವೆನ್ನುವವರು ಅಪರೂಪ.

ಹುಡುಕುವುದು ಹೀಗೆ. ನಿಮ್ಮ ಊರಿನ ಹೆಸರಿನ ಜೊತೆಗೆ ‘ಫ್ರೈವಿಲ್ಲಿಗೆನ್‌ಅಗೆಂಟೂರ್’ ಎಂಬ ಪದ ಸೇರಿಸಿ ಹುಡುಕಿದರೆ, ಸ್ವಯಂಸೇವಕರನ್ನೂ ಸಂಸ್ಥೆಗಳನ್ನೂ ಜೋಡಿಸುವ ಕಚೇರಿ ಬಹುತೇಕ ನಗರಗಳಲ್ಲಿ ಸಿಗುತ್ತದೆ. ಅಲ್ಲಿ ನಿಮ್ಮ ಆಸಕ್ತಿ, ಭಾಷೆಯ ಮಟ್ಟ, ಬಿಡುವಿನ ಹೊತ್ತನ್ನು ಕೇಳಿ ತಿಳಿದು ಎರಡು ಮೂರು ಜಾಗಗಳನ್ನು ಸೂಚಿಸುತ್ತಾರೆ. ಸಣ್ಣ ಊರುಗಳಲ್ಲಿ ಕಾರಿಟಾಸ್, ಡಿಯಾಕೊನಿ, ಆವೋ, ಜರ್ಮನ್ ರೆಡ್ ಕ್ರಾಸ್ ಎಂಬ ಸಮಾಜಸೇವಾ ಸಂಸ್ಥೆಗಳ ಸ್ಥಳೀಯ ಕಚೇರಿಗೆ ನೇರವಾಗಿ ಹೋಗಿ ಕೇಳುವುದು ಉತ್ತಮ. ಮೇಲ್ ಬರೆದರೆ ಉತ್ತರ ತಡವಾಗಬಹುದು. ಎದುರಿಗೆ ನಿಂತು ಕೇಳಿದರೆ ಅವತ್ತೇ ಒಂದು ದಿನ ಗೊತ್ತಾಗುತ್ತದೆ.

ಭಾಷೆ ಎ1 ಅಥವಾ ಎ2 ಮಟ್ಟದಲ್ಲಿರುವವರಿಗೆ ಟಾಫೆಲ್ ಕೇಂದ್ರಗಳು ತಕ್ಕ ಜಾಗ. 1993ರಲ್ಲಿ ಬರ್ಲಿನ್‌ನಲ್ಲಿ ಮೊದಲನೆಯದು ಶುರುವಾದ ಈ ಕೇಂದ್ರಗಳು ಈಗ ದೇಶದಲ್ಲಿ 900ಕ್ಕೂ ಹೆಚ್ಚಿವೆ. ಅಂಗಡಿಗಳಲ್ಲಿ ಉಳಿದ ಆಹಾರವನ್ನು ತಂದು, ಆರಿಸಿ, ಅಗತ್ಯವಿರುವವರಿಗೆ ಹಂಚುವುದು ಅವುಗಳ ಕೆಲಸ. ಬೆಳಿಗ್ಗೆ ವ್ಯಾನ್ ಬಂದು ಹಸಿರು ಪೆಟ್ಟಿಗೆಗಳನ್ನು ಇಳಿಸುತ್ತದೆ. ಉದ್ದದ ಮೇಜಿನ ಎರಡೂ ಬದಿಯಲ್ಲಿ ನಿಂತು ಕೊಳೆತ ಟೊಮ್ಯಾಟೊ ಒಂದು ಬಕೆಟ್ಟಿಗೆ, ಮಚ್ಚೆ ಬಿದ್ದರೂ ತಿನ್ನಲು ಯೋಗ್ಯವಾದದ್ದು ಇನ್ನೊಂದು ಪೆಟ್ಟಿಗೆಗೆ, ದಿನಾಂಕ ಹತ್ತಿರವಾದ ಮೊಸರಿನ ಡಬ್ಬಿಗಳು ತಂಪು ಕಪಾಟಿಗೆ. ಮೊದಲ ದಿನ ನಾನು ಕಲಿತದ್ದು ‘ನೋಖ್ ಗೂಟ್’ ಮತ್ತು ‘ವೆಕ್’ ಎಂಬ ಎರಡೇ ಮಾತು: ಇನ್ನೂ ಚೆನ್ನಾಗಿದೆ, ಎಸೆಯಿರಿ. ನನ್ನ ಎದುರಿಗೆ ನಿಂತಿದ್ದ, ನಿವೃತ್ತ ಶಾಲಾ ಶಿಕ್ಷಕಿಯಾದ ಹಿರಿಯ ಹೆಂಗಸು ಪ್ರತಿಯೊಂದು ತರಕಾರಿಯನ್ನೂ ಎತ್ತಿ ಹಿಡಿದು ಅದರ ಹೆಸರನ್ನು ಮೂರು ಸಲ ಹೇಳಿಸುತ್ತಿದ್ದರು. ನಾಲ್ಕು ತಿಂಗಳ ನಂತರ ಶಾಲೆಯೊಂದರ ಮಧ್ಯಾಹ್ನದ ಆರೈಕೆ ಕೇಂದ್ರದಲ್ಲಿ ಜನ ಬೇಕಾಗಿದ್ದಾರೆಂದು ನನಗೆ ತಿಳಿಸಿದವರೂ, ಅಲ್ಲಿಗೆ ಫೋನ್ ಮಾಡಿ ‘ಇವರು ಹೇಳಿದ ಹೊತ್ತಿಗೆ ಬರುತ್ತಾರೆ’ ಎಂದವರೂ ಅವರೇ. ನನ್ನ ಸ್ನಾತಕೋತ್ತರ ಪದವಿಯ ಕಾಗದಕ್ಕಿಂತ ಆ ಒಂದು ಮಾತು ಹೆಚ್ಚು ನಡೆಯಿತು.

ಭಾಷೆ ಬಿ1 ಎಂಬ ಮಧ್ಯಮ ಮಟ್ಟ ತಲುಪಿದವರಿಗೆ ಶಾಲಾ ಮಕ್ಕಳಿಗೆ ಓದಿ ಹೇಳುವುದು, ವೃದ್ಧಾಶ್ರಮದಲ್ಲಿ ಹಿರಿಯರ ಜೊತೆ ಕಾಲ ಕಳೆಯುವುದು, ಹೊಸ ವಲಸಿಗರನ್ನು ಕಚೇರಿಗಳಿಗೆ ಕರೆದೊಯ್ಯುವುದು ಇಂಥ ಅವಕಾಶಗಳಿವೆ. ಮಕ್ಕಳ ಜೊತೆ ಕೆಲಸ ಮಾಡುವುದಾದರೆ ‘ಫ್ಯೂರುಂಗ್ಸ್‌ತ್ಸೊಯ್ಗ್ನಿಸ್’ ಎಂಬ ನಡತೆಯ ಪ್ರಮಾಣಪತ್ರವನ್ನು ಕೇಳುತ್ತಾರೆ. ಅದಕ್ಕೆ 13 ಯೂರೊ ಶುಲ್ಕವಿದೆ. ಸ್ವಯಂಸೇವೆಗೆಂದು ಸಂಸ್ಥೆ ಪತ್ರ ಕೊಟ್ಟರೆ ಶುಲ್ಕ ಮನ್ನಾ ಆಗುತ್ತದೆ.

ಕನ್ನಡ ಸಂಘಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಫ್ರಾಂಕ್‌ಫರ್ಟ್, ಮ್ಯೂನಿಕ್ ಸುತ್ತಮುತ್ತ ಕನ್ನಡಿಗರ ಸಂಘಗಳಿವೆ. ರಾಜ್ಯೋತ್ಸವದ ಅಡುಗೆ, ಮಕ್ಕಳ ಕನ್ನಡ ತರಗತಿ, ಖಜಾಂಚಿಯ ಲೆಕ್ಕ ಇವೆಲ್ಲ ನಮಗೆ ನಮ್ಮ ಮನೆಯ ಕೆಲಸದಂತೆ ತೋರುವುದರಿಂದ ಯಾರೂ ಅದನ್ನು ಅನುಭವವೆಂದು ಬರೆದುಕೊಳ್ಳುವುದಿಲ್ಲ. ಬರೆದುಕೊಳ್ಳಬೇಕು. ನೋಂದಾಯಿತ ಸಂಘವೊಂದರ ‘ಕಾಸೆನ್‌ವಾರ್ಟ್’, ಅಂದರೆ ಖಜಾಂಚಿ ಆಗಿದ್ದೆ ಎಂದು ಹೇಳಿದರೆ ಜರ್ಮನ್ ಮಾಲೀಕರಿಗೆ ಅದರ ಹೊಣೆ ಎಷ್ಟೆಂದು ಚೆನ್ನಾಗಿ ಗೊತ್ತು. ಆದರೂ ಭಾಷೆ ಕಲಿಯುವ ದೃಷ್ಟಿಯಿಂದ ಕನ್ನಡ ಸಂಘ ಒಂದೇ ಸಾಲದು. ಜರ್ಮನ್ನರ ನಡುವೆಯೂ ಒಂದು ಜಾಗ ಹುಡುಕಿಕೊಳ್ಳಿ.

ಸ್ವಯಂಸೇವೆಗೆ ಹಣವನ್ನೇ ಕೊಡುವುದಿಲ್ಲ ಎಂದೇನಿಲ್ಲ. ಗೌರವಧನದ ರೂಪದಲ್ಲಿ ಕೊಡುವ ಮೊತ್ತಕ್ಕೆ ತೆರಿಗೆ ವಿನಾಯಿತಿಯ ಮಿತಿಗಳಿವೆ: ಸಾಮಾನ್ಯ ಸೇವೆಗೆ ವರ್ಷಕ್ಕೆ 840 ಯೂರೊ ಇದ್ದದ್ದು 2026ರಿಂದ 960 ಆಗಿದೆ, ಕಲಿಸುವ, ತರಬೇತಿ ಕೊಡುವ, ಆರೈಕೆ ಮಾಡುವ ಸೇವೆಗೆ 3,000 ಇದ್ದದ್ದು 3,300 ಆಗಿದೆ. ಯೋಗ, ಭರತನಾಟ್ಯ, ಚೆಸ್ ಕಲಿಸಬಲ್ಲವರು ಊರಿನ ಕ್ರೀಡಾ ಸಂಘವನ್ನು ಕೇಳಿದರೆ ಈ ಎರಡನೆಯ ಬಗೆಯ ಗೌರವಧನ ಸಿಗುವ ಸಾಧ್ಯತೆ ಇದೆ. ಪೂರ್ಣಾವಧಿ ಸೇವೆ ಬೇಕೆನ್ನುವವರಿಗೆ 2011ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸ್ವಯಂಸೇವಾ ಯೋಜನೆ ಇದೆ. ಇದಕ್ಕೆ ಸೇರಿದವರನ್ನು ಜನ ‘ಬುಫ್ಡಿ’ ಎನ್ನುತ್ತಾರೆ. ಈ ಸೇವೆಗೆ ವಯಸ್ಸಿನ ಮೇಲ್ಮಿತಿ ಇಲ್ಲ, ಸಾಮಾನ್ಯವಾಗಿ ಒಂದು ವರ್ಷದ್ದು, ಕೈಖರ್ಚಿನ ಹಣ ಕೊಟ್ಟು ಸಾಮಾಜಿಕ ವಿಮೆಯನ್ನೂ ಕಟ್ಟುತ್ತಾರೆ. ನರ್ಸಿಂಗ್ ಅಥವಾ ಮಕ್ಕಳ ಆರೈಕೆಯ ಕ್ಷೇತ್ರಕ್ಕೆ ಹೊರಳಬೇಕೆಂದಿರುವವರಿಗೆ ಇದು ಒಳ್ಳೆಯ ಮೆಟ್ಟಿಲು.

ಒಂದು ಎಚ್ಚರಿಕೆಯನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಸ್ವಯಂಸೇವೆಗೆ ವಾರಕ್ಕೆ ನಾಲ್ಕರಿಂದ ಆರು ಗಂಟೆ ಸಾಕು, ಆರು ತಿಂಗಳಿಗೊಮ್ಮೆ ಇದರಿಂದ ನನಗೇನು ದೊರೆಯಿತು ಎಂದು ಕೇಳಿಕೊಳ್ಳಬೇಕು. ಕಂಪನಿಯೊಂದು ಲಾಭಕ್ಕಾಗಿ ನಡೆಸುವ ವ್ಯವಹಾರದಲ್ಲಿ ‘ಮೊದಲು ಸಂಬಳವಿಲ್ಲದೆ ಮಾಡಿ, ಆಮೇಲೆ ನೋಡೋಣ’ ಎಂದರೆ ಅದು ಸ್ವಯಂಸೇವೆಯೇ ಅಲ್ಲ. ಹೊರಡುವಾಗ ಅಥವಾ ಆರು ತಿಂಗಳಾದಾಗ ಎಷ್ಟು ಗಂಟೆ, ಯಾವ ಕೆಲಸ, ಹೇಗೆ ಮಾಡಿದಿರಿ ಎಂಬುದನ್ನು ಬರೆದ ಪತ್ರವನ್ನು ಕೇಳಿ ಪಡೆಯಿರಿ. ಕೇಳಲು ಸಂಕೋಚ ಬೇಡ. ಇಲ್ಲಿ ಅದು ರೂಢಿ.

ನಾಲ್ಕನೆಯ ಹಂತ: ಮಿನಿಜಾಬ್

ತಿಂಗಳಿಗೆ ನಿಗದಿತ ಮೊತ್ತದವರೆಗೆ ಗಳಿಸುವ ಸಣ್ಣ ಕೆಲಸಕ್ಕೆ ಮಿನಿಜಾಬ್ ಎನ್ನುತ್ತಾರೆ. ಆ ಮೊತ್ತ 2025ರಲ್ಲಿ 556 ಯೂರೊ ಇತ್ತು, 2026ರಲ್ಲಿ 603. ಕನಿಷ್ಠ ವೇತನ 2025ರಲ್ಲಿ ಗಂಟೆಗೆ 12.82, 2026ರಲ್ಲಿ 13.90 ಯೂರೊ. ಅಂದರೆ ತಿಂಗಳಿಗೆ ಸುಮಾರು 43 ಗಂಟೆ, ವಾರಕ್ಕೆ ಹತ್ತು ಗಂಟೆಯ ಕೆಲಸ. ಸಾಮಾನ್ಯವಾಗಿ ತೆರಿಗೆ ಕೈಗೆ ತಟ್ಟುವುದಿಲ್ಲ, ಗಂಡನ ಅಥವಾ ಹೆಂಡತಿಯ ಸರ್ಕಾರಿ ಆರೋಗ್ಯ ವಿಮೆಯ ಕೆಳಗೆ ಉಚಿತವಾಗಿ ಸೇರಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಪಿಂಚಣಿಗೆಂದು ಸಂಬಳದ 3.6 ಶೇಕಡಾ ಕಡಿತವಾಗುತ್ತದೆ. ಬೇಡವೆಂದರೆ ಬರೆದು ಕೊಟ್ಟು ವಿನಾಯಿತಿ ಪಡೆಯಬಹುದು. ಹಲವು ವರ್ಷ ಇಲ್ಲಿರುವವರು ಕಟ್ಟುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆ ತಿಂಗಳುಗಳು ಪಿಂಚಣಿಯ ಲೆಕ್ಕಕ್ಕೆ ಸೇರುತ್ತವೆ.

ಬಹಳ ಮಂದಿಗೆ ತಿಳಿಯದಿರುವುದು ಇದು: ಮಿನಿಜಾಬ್ ಮಾಡುವವರಿಗೂ ಸಂಬಳ ಸಹಿತ ರಜೆಯ ಹಕ್ಕಿದೆ. ನಾಲ್ಕು ವಾರ ಕೆಲಸ ಮಾಡಿದ ಮೇಲೆ ಕಾಯಿಲೆ ಬಿದ್ದರೆ ಆರು ವಾರದವರೆಗೆ ಸಂಬಳವೂ ಬರಬೇಕು. ‘ಮಿನಿಜಾಬಿಗೆ ರಜೆ ಇಲ್ಲ’ ಎಂದು ಹೇಳುವವರು ಸಿಕ್ಕಿಯೇ ಸಿಗುತ್ತಾರೆ. ಅವರ ಮಾತಿಗೆ ತಲೆಯಾಡಿಸಬೇಡಿ.

ಬೇಕರಿ, ಸೂಪರ್‌ಮಾರ್ಕೆಟ್‌ನಲ್ಲಿ ಸಾಮಾನು ಜೋಡಿಸುವುದು, ಗೋದಾಮು, ಶಾಲೆಯ ಊಟದ ಮನೆ, ಮಕ್ಕಳ ಮಧ್ಯಾಹ್ನದ ಆರೈಕೆ ಇವು ಸುಲಭವಾಗಿ ಸಿಗುವ ಜಾಗಗಳು. 2026ರ ಆಗಸ್ಟ್‌ನಿಂದ ಒಂದನೆಯ ತರಗತಿಯ ಮಕ್ಕಳಿಗೆ ದಿನಪೂರ್ತಿ ಆರೈಕೆ ಪಡೆಯುವ ಕಾನೂನಿನ ಹಕ್ಕು ಜಾರಿಗೆ ಬರುವ ಕಾರಣ ಶಾಲೆಗಳ ಸುತ್ತ ಸಹಾಯಕರ ಅಗತ್ಯ ಹೆಚ್ಚುತ್ತಿದೆ. ಊರಿನಲ್ಲಿ ಪಾಠ ಮಾಡಿದವರು ಇದರ ಮೇಲೆ ಕಣ್ಣಿಡಿ. ಅಂಗಡಿಯ ಗಾಜಿನ ಮೇಲೆ ಅಂಟಿಸಿದ ಚೀಟಿಗಳನ್ನು ಓದಿಕೊಂಡು ಒಳಗೆ ಹೋಗಿ ಕೇಳುವ ಪದ್ಧತಿ ಇಲ್ಲಿ ಇನ್ನೂ ನಡೆಯುತ್ತದೆ. ಕೇಂದ್ರ ಉದ್ಯೋಗ ಇಲಾಖೆಯ ತಾಣದಲ್ಲಿಯೂ ಮಿನಿಜಾಬ್ ಎಂದು ಆರಿಸಿ ಹುಡುಕಬಹುದು.

ಆಹಾರ ಮುಟ್ಟುವ ಕೆಲಸಕ್ಕೆ ಸೇರುವ ಮುನ್ನ ಆರೋಗ್ಯ ಇಲಾಖೆಯ ನೈರ್ಮಲ್ಯ ತಿಳಿವಳಿಕೆ ಪಡೆದು ಪ್ರಮಾಣಪತ್ರ ತರಬೇಕು. ಮೊದಲ ಸಲ ಕೆಲಸಕ್ಕೆ ಸೇರುವಾಗ ಅದು ಮೂರು ತಿಂಗಳಿಗಿಂತ ಹಳೆಯದಾಗಿರಬಾರದು. ಕೆಲಸ ಖಚಿತವಾದ ಮೇಲೆ ಮಾಡಿಸಿದರೆ ಸಾಕು. ಬೇಕರಿಗಳಲ್ಲಿ ‘ಪ್ರೋಬೆಆರ್ಬೈಟೆನ್’ ಎಂದು ಒಂದು ಬೆಳಿಗ್ಗೆ ಕರೆದು ನೋಡುತ್ತಾರೆ. ಪಕ್ಕದಲ್ಲಿ ನಿಂತು ನೋಡುವುದು ಸರಿ. ಇಡೀ ದಿನ ಗಿರಾಕಿಗಳನ್ನು ನೋಡಿಕೊಂಡರೆ ಅದಕ್ಕೆ ಸಂಬಳ ಕೇಳಬೇಕು. ಹೋಗುವ ಮೊದಲು ಆ ಅಂಗಡಿಯ ಬ್ರೆಡ್ಡುಗಳ ಹೆಸರನ್ನು ಗಾಜಿನ ಹೊರಗಿನಿಂದಲೇ ಬರೆದುಕೊಂಡು ಬಾಯಿಪಾಠ ಮಾಡಿ. ‘ಡಾರ್ಫ್ಸ್ ನೋಖ್ ಎಟ್ವಾಸ್ ಸೈನ್’, ಇನ್ನೇನಾದರೂ ಬೇಕೇ ಎಂಬ ವಾಕ್ಯ ಸರಾಗವಾಗಿ ಬಂದರೆ ಅರ್ಧ ಗೆದ್ದಂತೆ.

ಮಿತಿ ದಾಟಿ ಗಳಿಸತೊಡಗಿದರೆ ನಿಮ್ಮದೇ ವಿಮೆ ಶುರುವಾಗುತ್ತದೆ; 2,000 ಯೂರೊವರೆಗೆ ನಿಮ್ಮ ಪಾಲಿನ ವಂತಿಗೆಯಲ್ಲಿ ರಿಯಾಯಿತಿ ಇದೆ. ಗಂಡ ಹೆಂಡತಿಯರಲ್ಲಿ ಒಬ್ಬರು ತಿಂಗಳ ತೆರಿಗೆ ಕಡಿತವನ್ನು ನಿರ್ಧರಿಸುವ ವರ್ಗಗಳಲ್ಲಿ ಮೂರನೆಯದನ್ನು, ಇನ್ನೊಬ್ಬರು ಐದನೆಯದನ್ನು ಆರಿಸಿಕೊಂಡಿದ್ದರೆ ಐದನೆಯವರ ಕೈಗೆ ಬರುವ ಸಂಬಳ ಬಹಳ ಕಡಿಮೆ ಕಾಣುತ್ತದೆ. ಅದನ್ನು ಕಂಡು ‘ಇಷ್ಟಕ್ಕೆ ಯಾಕೆ ದುಡಿಯಬೇಕು’ ಎಂದು ಕೆಲಸ ಬಿಡಬೇಡಿ. ತೆರಿಗೆಯನ್ನು ವರ್ಷದ ಕೊನೆಯಲ್ಲಿ ಇಬ್ಬರಿಗೂ ಸೇರಿಸಿ ಲೆಕ್ಕ ಹಾಕುತ್ತಾರೆ. ಬೇಕಾದರೆ ಇಬ್ಬರೂ ನಾಲ್ಕನೆಯ ವರ್ಗಕ್ಕೆ ಬದಲಾಯಿಸಿಕೊಳ್ಳಬಹುದು.

ಐದನೆಯ ಹಂತ: ನಿಮ್ಮ ವೃತ್ತಿಗೆ ಮರಳುವುದು

ವೈದ್ಯರು, ನರ್ಸ್‌ಗಳು, ಔಷಧ ತಜ್ಞರು, ಸರ್ಕಾರಿ ಶಾಲಾ ಶಿಕ್ಷಕರು ಮುಂತಾದ ವೃತ್ತಿಗಳಿಗೆ ಇಲ್ಲಿನ ಮಾನ್ಯತೆ ಇಲ್ಲದೆ ಕೆಲಸವಿಲ್ಲ. ಎಂಜಿನಿಯರಿಂಗ್, ಲೆಕ್ಕಪತ್ರ, ಐ.ಟಿ. ಕ್ಷೇತ್ರಗಳಲ್ಲಿ ಮಾನ್ಯತೆ ಕಡ್ಡಾಯವಲ್ಲದಿದ್ದರೂ ಪದವಿಯ ಮೌಲ್ಯಮಾಪನ ಪತ್ರವಿದ್ದರೆ ಅನುಕೂಲ. ಮೊದಲು ‘ಅನಾಬಿನ್’ ಎಂಬ ಸರ್ಕಾರಿ ದತ್ತಾಂಶ ತಾಣದಲ್ಲಿ ನಿಮ್ಮ ವಿಶ್ವವಿದ್ಯಾಲಯ ಹುಡುಕಿ. ಪದವಿ ಪತ್ರದಲ್ಲಿ ಅಚ್ಚಾಗಿರುವ ವಿಶ್ವವಿದ್ಯಾಲಯದ ಹೆಸರನ್ನೇ ಹುಡುಕಬೇಕು, ನೀವು ಓದಿದ ಕಾಲೇಜಿನ ಹೆಸರನ್ನಲ್ಲ, ವಿ.ಟಿ.ಯು. ಅಡಿಯ ಕಾಲೇಜುಗಳಲ್ಲಿ ಓದಿದ ಹಲವರು ಇಲ್ಲಿಯೇ ತಪ್ಪುತ್ತಾರೆ. ‘ಎಚ್ ಪ್ಲಸ್’ ಎಂದಿದ್ದರೆ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆ ಎಂದರ್ಥ. ಪ್ರತ್ಯೇಕ ಮೌಲ್ಯಮಾಪನ ಪತ್ರ ಬೇಕಿದ್ದರೆ ಬಾನ್ ನಗರದಲ್ಲಿರುವ ಕೇಂದ್ರ ಕಚೇರಿಗೆ ಅರ್ಜಿ ಹಾಕಬೇಕು.

ನಿರುದ್ಯೋಗ ಭತ್ಯೆಗೆ ಅರ್ಹತೆ ಇಲ್ಲದಿದ್ದರೂ ಉದ್ಯೋಗ ಇಲಾಖೆಯಲ್ಲಿ ಕೆಲಸ ಹುಡುಕುವವರೆಂದು ಹೆಸರು ಬರೆಸಬಹುದು, ಸಲಹೆ ಉಚಿತ. ನಿಮ್ಮ ಪ್ರಕರಣ ನೋಡುವ ಅಧಿಕಾರಿಯನ್ನು ವೃತ್ತಿಸಂಬಂಧಿ ಭಾಷಾ ತರಗತಿಯ ಬಗ್ಗೆಯೂ ತರಬೇತಿಯ ವೆಚ್ಚ ಭರಿಸುವ ‘ಬಿಲ್ಡುಂಗ್ಸ್‌ಗುಟ್‌ಶೈನ್’ ಎಂಬ ಚೀಟಿಯ ಬಗ್ಗೆಯೂ ನೀವಾಗಿಯೇ ಕೇಳಿ. ಕೇಳದೆ ಅವು ಸಿಗುವುದು ಕಡಿಮೆ.

‘ಲೇಬೆನ್ಸ್‌ಲೌಫ್’, ಅಂದರೆ ಬಯೋಡೇಟಾ ಎರಡು ಪುಟ ಮೀರದಿರಲಿ, ತೀರಾ ಈಚಿನದು ಮೇಲಿರಲಿ, ತಿಂಗಳು ಮತ್ತು ವರ್ಷ ಬರೆಯಿರಿ. ನಡುವೆ ಬಿಡುವು ಕಂಡರೆ ಕಾರಣ ಕೇಳುತ್ತಾರೆ. ಸ್ವಯಂಸೇವೆ ಮತ್ತು ಭಾಷಾ ತರಗತಿಗಳು ಆ ಖಾಲಿ ಜಾಗವನ್ನು ಸತ್ಯವಾಗಿಯೇ ತುಂಬುತ್ತವೆ. ತಂದೆಯ ಹೆಸರು, ಧರ್ಮ, ಪಾಸ್‌ಪೋರ್ಟ್ ಸಂಖ್ಯೆ ಬೇಡ.

ಮೋಸ ಹೋಗದಿರಲು, ಕಾನೂನು ಮೀರದಿರಲು

ಕೆಲಸ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರನ್ನು ಅಲ್ಲಿಗೇ ಬಿಟ್ಟುಬಿಡಿ. ಇಲ್ಲಿ ಹೆಚ್ಚಾಗಿ ನಡೆಯುವ ಇನ್ನೊಂದು ಮೋಸವಿದೆ: ಮನೆಯಿಂದಲೇ ಮಾಡುವ ಕೆಲಸವೆಂದು ನಂಬಿಸಿ, ‘ನಮ್ಮ ಆ್ಯಪ್ ಪರೀಕ್ಷೆಗಾಗಿ ವಿಡಿಯೊದಲ್ಲಿ ಪಾಸ್‌ಪೋರ್ಟ್ ತೋರಿಸಿ ಬ್ಯಾಂಕ್ ಖಾತೆ ತೆರೆಯಿರಿ’ ಎನ್ನುತ್ತಾರೆ. ಆ ಖಾತೆ ನಿಜವಾಗಿಯೇ ನಿಮ್ಮ ಹೆಸರಿನಲ್ಲಿ ತೆರೆಯುತ್ತದೆ, ಅದರಲ್ಲಿ ಕಳ್ಳಹಣ ಓಡಾಡುತ್ತದೆ, ಪೊಲೀಸರು ಬರುವುದು ನಿಮ್ಮ ಮನೆಗೆ.

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಚಕ್ಕುಲಿ, ಹೋಳಿಗೆ, ಉಪ್ಪಿನಕಾಯಿ ಮಾರುವ ನಮ್ಮ ಹೆಣ್ಣುಮಕ್ಕಳ ಶ್ರಮವನ್ನು ನಾನು ಬಹಳ ಗೌರವಿಸುತ್ತೇನೆ. ಆದರೆ ನಿಯಮಿತವಾಗಿ ಮಾರುವುದಾದರೆ ಊರಿನ ಕಚೇರಿಯಲ್ಲಿ ವ್ಯಾಪಾರ ನೋಂದಣಿ ಮಾಡಿಸಬೇಕು, ಆಹಾರ ನೈರ್ಮಲ್ಯದ ನಿಯಮ ಪಾಲಿಸಬೇಕು, ಆದಾಯ ತೋರಿಸಬೇಕು. ವಿದ್ಯಾರ್ಥಿನಿಯರು ಅನುಮತಿ ಇಲ್ಲದೆ ಇದಕ್ಕೆ ಇಳಿದರೆ ಪರವಾನಗಿಗೇ ತೊಂದರೆಯಾಗಬಹುದು. ಬೆಂಗಳೂರಿನ ಕಂಪನಿಗೆ ಇಲ್ಲಿ ಕುಳಿತು ಕೆಲಸ ಮಾಡುವುದೂ ಜರ್ಮನಿಯಲ್ಲಿ ಮಾಡಿದ ದುಡಿಮೆಯೇ ಆಗುತ್ತದೆ. ಸಂಬಳ ರೂಪಾಯಿಯಲ್ಲಿ ಬಂದ ಮಾತ್ರಕ್ಕೆ ಇಲ್ಲಿನ ತೆರಿಗೆ ಮತ್ತು ವಿಮೆಯ ಪ್ರಶ್ನೆ ತಪ್ಪುವುದಿಲ್ಲ. ತೆರಿಗೆ ಸಲಹೆಗಾರರನ್ನು ಕೇಳಿಯೇ ಮುಂದುವರಿಯಿರಿ.

ಒಪ್ಪಂದ ಮತ್ತು ಪ್ರಮಾಣಪತ್ರ

ಕೆಲಸ ಸಿಕ್ಕಾಗ ಗಂಟೆ, ಸಂಬಳ, ರಜೆ, ನೋಟಿಸ್ ಅವಧಿ ಬರಹದಲ್ಲಿರಲಿ. ಪರೀಕ್ಷಾ ಅವಧಿ ಹೆಚ್ಚೆಂದರೆ ಆರು ತಿಂಗಳು. ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಇಬ್ಬರಲ್ಲಿ ಯಾರೂ ಬಿಡಬಹುದು.

ಬಿಡುವಾಗ ‘ಆರ್ಬೈಟ್ಸ್‌ತ್ಸೊಯ್ಗ್ನಿಸ್’ ಎಂಬ ಪ್ರಮಾಣಪತ್ರ ಪಡೆಯುವುದು ಕಾನೂನಿನ ಹಕ್ಕು, ಮಿನಿಜಾಬಿಗೂ ಅನ್ವಯಿಸುತ್ತದೆ. ಬರೀ ದಿನಾಂಕ ಇರುವ ಸರಳ ಪತ್ರದ ಬದಲು ಕೆಲಸದ ಗುಣಮಟ್ಟವನ್ನೂ ವಿವರಿಸುವ ಪತ್ರ ಬೇಕೆಂದು ಕೇಳಿ. ಆ ಪತ್ರದ ಭಾಷೆಗೆ ಒಂದು ಗುಟ್ಟಿನ ಅಳತೆಗೋಲು ಇದೆ. ‘ಯಾವಾಗಲೂ ನಮಗೆ ಸಂಪೂರ್ಣ ತೃಪ್ತಿಯಾಗುವಂತೆ’ ಎಂಬರ್ಥದ ‘ಶ್ಟೇಟ್ಸ್ ತ್ಸು ಉನ್ಸೆರೆರ್ ಫೋಲ್‌ಸ್ಟೆನ್ ತ್ಸುಫ್ರೀಡೆನ್‌ಹೈಟ್’ ಎಂದಿದ್ದರೆ ಮೊದಲ ದರ್ಜೆ. ಬರೀ ‘ತೃಪ್ತಿಯಾಗುವಂತೆ’ ಎಂದಿದ್ದರೆ ಸಾಧಾರಣಕ್ಕಿಂತ ಕೆಳಗೆ. ‘ಪ್ರಯತ್ನಪಟ್ಟರು’ ಎಂದಿದ್ದರೆ ಕೆಲಸ ಚೆನ್ನಾಗಿರಲಿಲ್ಲ ಎಂದೇ ಓದುತ್ತಾರೆ. ಕನ್ನಡಕ್ಕೆ ಅನುವಾದಿಸಿಕೊಂಡು ಓದಿದರೆ ಮೂರೂ ಹೊಗಳಿಕೆಯಂತೆಯೇ ಕೇಳುತ್ತವೆ. ಆದ್ದರಿಂದ ಪತ್ರ ಕೈಗೆ ಬಂದ ವಾರದಲ್ಲೇ ಜರ್ಮನ್ ಬಲ್ಲವರೊಬ್ಬರಿಗೆ, ಆಗಬಹುದಾದರೆ ಸ್ವಯಂಸೇವೆಯಲ್ಲಿ ಪರಿಚಯವಾದ ಹಿರಿಯರಿಗೆ, ತೋರಿಸಿ. ನಿಮ್ಮ ಕೆಲಸಕ್ಕೆ ತಕ್ಕ ಮಾತು ಅದರಲ್ಲಿಲ್ಲದಿದ್ದರೆ ಯಾವ ವಾಕ್ಯ ಬದಲಾಗಬೇಕೆಂದು ಬರೆದು, ತಿದ್ದಿದ ಪ್ರತಿ ಕಳುಹಿಸುವಂತೆ ಮಾಲೀಕರಿಗೆ ಮನವಿ ಮಾಡಿ.